ಮೊದಲ ಸಸಿ ಹೊರಗಿನ ಮನೆಗೆ

ರೊಟ್ಟಿ ಪಂಚಮಿಯ ದಿನ ಮಧ್ಯಾಹ್ನ ರೋಣದ ಬಸ್ಸು ಯಾವಗಲ್ಲ ಊರಿನ ಅಗಸಿಬಾಗಿಲ ಹತ್ತಿರ ನಿಂತಾಗ, ದುರಗೇಶ ತನ್ನ ಮನೆಯ ಮಾಳಿಗೆಯ ಮೇಲೆ ಕೂತು ನೀಲಿ ಕ್ಯಾನೊಂದನ್ನು ಗರಗಸದ ಬ್ಲೇಡಿನಿಂದ ನಡುವಿಗೆ ಕೊಯ್ಯುತ್ತಿದ್ದ. ಬಸ್ಸಿನಿಂದ ಇಳಿದವಳು ತನ್ನ ಅಕ್ಕ ಪುಷ್ಪಾವತಿ ಎಂಬುದು ಅಷ್ಟು ದೂರದಿಂದಲೇ ಅವನಿಗೆ ಗೊತ್ತಾಯಿತು. ಬಗಲಲ್ಲಿ ಕೂಸು, ತಲೆಯ ಮೇಲೆ ಗೋಣಿಚೀಲ, ಚೀಲದೊಳಗಿನದು ಒಡೆಯಬಾರದೆಂದು ಕುತ್ತಿಗೆ ಅಲುಗಿಸದ ನಡಿಗೆ. ಅವ್ವ ಹಾಗೇ ನಡೆಯುತ್ತಿದ್ದಳು. ಅವನು ತಲೆ ತಗ್ಗಿಸಿ ಬ್ಲೇಡನ್ನು ಇನ್ನಷ್ಟು ಜೋರಾಗಿ ಎಳೆದ.

ಪಂಚಮಿಗೆ ಹೆಣ್ಣುಮಗಳು ತಾನಾಗಿಯೇ ತವರಿಗೆ ಬರುವುದಿಲ್ಲ. ಅಣ್ಣನೋ ತಮ್ಮನೋ ಹೋಗಿ, ಆಕೆಯ ಅತ್ತೆ ಕೊಟ್ಟ ಚಹಾ ಕುಡಿದು, "ಹಬ್ಬಕ್ಕ ಕಳಸ್ರಿ" ಎಂದು ಕೇಳಿ, ಕರೆದುಕೊಂಡು ಬರಬೇಕು. ಕರೆಯದೆ ಬಂದವಳನ್ನು ಬಸ್ಸಿನ ಕಂಡಕ್ಟರನೂ ಒಂದು ಸಲ ತಿರುಗಿ ನೋಡುತ್ತಾನೆ. ದುರಗೇಶ ಈ ಸಲ ಹೋಗಿರಲಿಲ್ಲ. ಅವ್ವ ಸತ್ತ ವರ್ಷ, ಮನೆಯಲ್ಲಿ ಹಬ್ಬವಿಲ್ಲ ಎಂಬ ನೆವ ಕೈಯಲ್ಲಿತ್ತು.

"ಹಬ್ಬ ಇಲ್ಲಂದ್ರ ಮಗಳೂ ಇಲ್ಲೇನೋ?" ಎಂದು ಅಪ್ಪ ಅಮೋಘಸಿದ್ದ ಮೊದಲೇ ಕೇಳಿದ್ದ.

"ಅವ್ವ ಸಾಯೂಮುಂದ ನೆನಪಾಗದ ತವರಮನಿ ಆಕಿಗೆ ಈಗ್ಯಾಕಪಾ?" ಎಂದು ಇವನು ಉಂಡ ತಾಟು ದೂಡಿ ಎದ್ದಿದ್ದ. ಅಪ್ಪ ಆಡು ಹೊಡೆದುಕೊಂಡು ಹೋಗಿದ್ದ.

ಎದುರುಮನೆಯ ಮೈಮುನಬಿಗೆ ಮಾತ್ರ ಅಂಥ ಮುಲಾಜು ಇರಲಿಲ್ಲ. ಇವನ ಅವ್ವ ನೀಲವ್ವನ ಜೋಡಿ ಮೂವತ್ತು ವರ್ಷ ಒಂದೇ ಓಣಿಯಲ್ಲಿ ಜಗಳಾಡಿ, ಒಂದೇ ಕಟ್ಟೆಯ ಮೇಲೆ ಕೂತು ಬಳ್ಳೊಳ್ಳಿ ಸುಲಿದವಳು. ತನ್ನ ಬಾಗಿಲಲ್ಲೇ ನಿಂತು ಮಾಳಿಗೆಗೆ ಕೇಳುವಂತೆ ಕೂಗಿದಳು.

"ಏ ದುರಗ್ಯಾ! ಕರ್ಯಾಕ ಹೋಗಬೇಕಾದಂವ ಮಾಳಿಗಿ ಮ್ಯಾಲ ಕುಂತು ಕ್ಯಾನ್ ಕೊಯ್ಯಾಕತ್ತಿ. ಕರಿಸ್ಕೋಬೇಕಾದಾಕಿ ತಲಿ ಮ್ಯಾಲ ಚೀಲ ಹೊತ್ಕೊಂಡು ಬಂದಾಳ. ಊರ ಉಲ್ಟಾ ಆತಲ್ಲೋ!"

"ಒಳಗ ನಿನ್ನ ರೊಟ್ಟಿ ಸೀಯಾಕತ್ತಾವ, ನೋಡ ಹೋಗ ಚಾಚಿ."

"ನನ್ನ ರೊಟ್ಟಿ ಸೀದ್ರ ನಾಯಿ ತಿಂತೈತಿ. ನಿನ್ನ ಮಾರಿ ಸೀದೈತಲ್ಲ, ಅದನ್ನ ಯಾರು ತಿನಬೇಕು?"

ಓಣಿ ನಕ್ಕಿತು. ದುರಗೇಶ ನಗಲಿಲ್ಲ. ಒಂಬತ್ತನೆಯ ಇಯತ್ತೆಯಲ್ಲಿ ಮಾಸ್ತರರು ಎಲ್ಲರೆದುರು ನಗಿಸಿದರೆಂದು ಚೀಲ ಅಲ್ಲೇ ಒಗೆದು ಬಂದವನು, ಮತ್ತೆ ಸಾಲಿಯ ಕಡೆ ಹಾಯಲಿಲ್ಲ. ಈಗ ಬೆಳೆಗೆ ಎಣ್ಣೆ ಹೊಡೆಯುವ ಟ್ರ್ಯಾಕ್ಟರು ಓಡಿಸುತ್ತಾನೆ. ಹೊಲಕ್ಕೆ ಹೊಡೆಯುವ ಔಷಧಕ್ಕೆಲ್ಲ ಈ ಕಡೆ ಎಣ್ಣೆ ಎಂದೇ ಹೆಸರು: ಹುಳಕ್ಕೆ ಒಂದು ಎಣ್ಣೆ, ಕಳೆ ಕಸಕ್ಕೆ ಒಂದು ಎಣ್ಣೆ. ಕೆಲಸದಲ್ಲಿ ಪಕ್ಕಾ. ಆದರೆ ಯಾರಾದರೂ ನಕ್ಕರೆ ಇವತ್ತಿಗೂ ಕಿವಿಯ ತುದಿ ಕಾಯುತ್ತದೆ.

ಅಕ್ಕನ ಮೇಲಿನ ಸಿಟ್ಟು ಮಾತ್ರ ಅಂಥದ್ದಲ್ಲ. ಅದು ಬೇಸಿಗೆಯಿಂದ ಒಳಗೇ ಕುದಿಯುತ್ತಿತ್ತು. ಅವ್ವ ಗದಗಿನ ದವಾಖಾನೆಯಲ್ಲಿ ಮಲಗಿದ್ದಳು. ಪುಷ್ಪಾವತಿ ಲಕ್ಕಲಕಟ್ಟಿಯ ಗಂಡನ ಮನೆಯಲ್ಲಿ ಆಗಷ್ಟೇ ಹಡೆದಿದ್ದಳು. ಅವ್ವನಿಗೆ ಮೈಯಲ್ಲಿ ಆರಾಮಿಲ್ಲವೆಂದು ಬಾಣಂತನವೂ ಅಲ್ಲೇ. ಹಸಿ ಬಾಣಂತಿಯನ್ನು ಬಿಸಿಲಲ್ಲಿ ಬಸ್ಸು ಹತ್ತಿಸುವುದಿಲ್ಲ ಎಂದು ಆ ಮನೆಯವರು ಅಂದರಂತೆ. ಅಂದಿರಬಹುದು. ಆದರೆ "ಪುಷ್ಪಿ ಬಂದಳೇನ?" ಎಂದು ಕಣ್ಣು ತೆರೆದಾಗೊಮ್ಮೆ ಕೇಳುತ್ತಿದ್ದ ಅವ್ವನಿಗೆ ಉತ್ತರ ಕೊಡಬೇಕಾಗಿದ್ದದ್ದು ದುರಗೇಶ. ಮಣ್ಣು ಕೊಟ್ಟ ಮೇಲೆ ಬಂದು ಹೊಸ್ತಿಲ ಮೇಲೆ ಬಿದ್ದು ಅತ್ತವಳನ್ನು ಅವನು ಎಬ್ಬಿಸಲಿಲ್ಲ. ಅಂದಿನಿಂದ ಮಾತೂ ಇಲ್ಲ.

ಪುಷ್ಪಾವತಿ ಒಳಗೆ ಹೋಗಿ ಕೂಸನ್ನು ಅಪ್ಪನ ಮಡಿಲಿಗೆ ಹಾಕಿ, ನೀರನ್ನೂ ಕುಡಿಯದೆ ಚೀಲದೊಂದಿಗೆ ನಿಚ್ಚಣಿಕೆ ಏರಿ ಬಂದಳು. ಬಂದವಳ ಕಣ್ಣು ತಮ್ಮನ ಮೇಲೆ ಬೀಳಲಿಲ್ಲ. ಮಾಳಿಗೆಯ ಅಂಚಿನ ಕುಂಬಿಗೋಡೆಯ ನೆರಳಲ್ಲಿ ಸಾಲಾಗಿ ಇಟ್ಟಿದ್ದ ಹಾಲಿನ ಪಾಕೀಟುಗಳ ಮೇಲೆ ಬಿತ್ತು. ಒಂಬತ್ತು ಪಾಕೀಟು, ಒಂದೊಂದರಲ್ಲಿ ಒಂದೊಂದು ಬದನೆಯ ಸಸಿ.

ಅದು ಅವ್ವನ ಬದನೆ. ಗುಂಡಗೆ, ಅಂಗೈಯಲ್ಲಿ ಮುಚ್ಚುವಷ್ಟು, ಹಸಿರಿನ ಮೇಲೆ ಬಿಳಿ ಗೆರೆ, ತೊಟ್ಟಿನ ತುಂಬ ಮುಳ್ಳು. ನರಗುಂದದ ಹತ್ತಿರದ ತವರಿನಿಂದ ಮದುವೆಯಾಗಿ ಬರುವಾಗ ಸೆರಗಿನ ತುದಿಗೆ ಬೀಜ ಗಂಟು ಹಾಕಿಕೊಂಡು ಬಂದಿದ್ದಳು. ಒಂದು ಕಾಲಕ್ಕೆ ಓಣಿಯ ಎಲ್ಲ ಹಿತ್ತಲಲ್ಲೂ ಅದೇ. ಆಮೇಲೆ ರೋಣದ ಸಂತೆಯಲ್ಲಿ ಹೊಳೆಯುವ ನೇರಳೆ ಬದನೆ ಬಂತು, ಹಿತ್ತಲಿಗೆ ಕಾಂಕ್ರೀಟು ಬಂತು, ಓಣಿಯವರು ಬಿಟ್ಟರು. ಅವ್ವ ಬಿಡಲಿಲ್ಲ. ಮಾಳಿಗೆಗೆ ಹತ್ತಿಸಿದಳು. ಒಡಕು ಹರವಿ, ಹಳೆಯ ಡಬ್ಬಿ, ಸಿಕ್ಕಿದ್ದರಲ್ಲಿ ಹಚ್ಚಿದಳು. ಅವಳು ಸತ್ತಾಗ ಕೊನೆಯ ಗಿಡದಲ್ಲಿ ಒಂದೇ ಕಾಯಿ ಹಣ್ಣಾಗಿ ಹಳದಿ ತಿರುಗಿತ್ತು. ಅದನ್ನು ದುರಗೇಶನೇ ಬಿಡಿಸಿ, ಅವ್ವ ಮಾಡುತ್ತಿದ್ದ ಹಾಗೇ ಬೀಜ ತೊಳೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿದ್ದ. ಮಿರಗದ ಮಳೆ ಬಿದ್ದ ಮೇಲೆ ಇದ್ದ ಬೀಜವನ್ನೆಲ್ಲ ಬುಟ್ಟಿಯಲ್ಲಿ ಉದುರಿಸಿದ. ಇರುವೆ ಒಯ್ದು, ಮಳೆಗೆ ಕೊಳೆತು, ಪಾಕೀಟಿಗೆ ಏರುವಷ್ಟು ಉಳಿದದ್ದು ಒಂಬತ್ತು.

"ಎಷ್ಟ ಚಂದ ಬಂದಾವಲ್ಲೋ ದುರಗ್ಯಾ!" ಪುಷ್ಪಾವತಿ ಮಂಡಿಯೂರಿ ಕೂತಳು. ಒಂದು ಎಲೆಯ ಕೆಳಗೆ ಬೆರಳಿಟ್ಟಳು. "ಈಟ ಇದ್ದಾಗ್ಲೇ ಮುಳ್ಳು ನೋಡು! ಥೇಟ ಅವ್ವ. ಮುಟ್ಟಿದ್ರ ಬೈತಾವ."

ದುರಗೇಶನಿಗೆ ನಗು ಬಂತು. ಖರೇನೇ ಬಂತು, ಗಂಟಲಿನವರೆಗೆ. ಅದನ್ನು ಅವನು ನುಂಗಿದ. ಮುಂದೆ ಎಷ್ಟೋ ಸಲ, ಟ್ರ್ಯಾಕ್ಟರಿನ ಮೇಲೆ ಒಬ್ಬನೇ ಕೂತಾಗ, ಆ ನಗುವನ್ನು ಅಂದು ಬಿಟ್ಟುಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಅವನು ಯೋಚಿಸಿದ್ದುಂಟು.

ಆಕೆ ಚೀಲ ಬಿಚ್ಚಿದಳು. ಒಣಹುಲ್ಲಿನ ನಡುವೆ ನಾಲ್ಕು ಮಣ್ಣಿನ ಕುಂಡ. "ಕುಂಬಾರಗ ಹೇಳಿ ಮಾಡಿಸೀನಿ. ಸುಡೂದಕ್ಕಿಂತ ಮೊದಲ ತಳಕ್ಕ ತೂತ ಹಾಕಿಸೀನಿ, ಸೀಳಂಗಿಲ್ಲ. ಐದು ಮಾಡಿದ್ದ. ಕೂಸಿನ್ನ ಎತ್ಕೊಂಡು ನಾಕ ಹೊರಾಕ ಆತು. ಒಂದ ಅಲ್ಲೇ ನಮ್ಮನ್ಯಾಗ ಬಿಟ್ಟು ಬಂದೀನಿ." ಒಂದು ಕುಂಡದ ಅಂಚನ್ನು ಸೆರಗಿನಿಂದ ಒರೆಸಿದಳು. "ಅದ್ರಾಗ ಮಣ್ಣ ತುಂಬಿಟ್ಟೀನಿ. ಮೊದಲ ಅಗಿ ಹೊರಗಿನ ಮನಿಗಲ್ಲೇನೋ?"

ಅದು ಅವ್ವನ ರೂಢಿ. ಸಸಿಯನ್ನು ಸಣ್ಣದರಿಂದ ಕಿತ್ತು ದೊಡ್ಡದಕ್ಕೆ ಹಚ್ಚುವ ದಿನ, ಕೈಗೆ ಬಂದ ಮೊದಲನೆಯದನ್ನು ಅವಳು ತನಗೆ ಇಟ್ಟುಕೊಳ್ಳುತ್ತಿರಲಿಲ್ಲ. ಹಸಿ ಮಣ್ಣಿನ ಸಮೇತ ಎಲೆಯಲ್ಲಿ ಸುತ್ತಿ ಯಾರದಾದರೂ ಮನೆಗೆ ಕಳಿಸುತ್ತಿದ್ದಳು. ಮೈಮುನಬಿಯ ಜೋಡಿ ಜಗಳಾಡಿ ಮಾತು ಬಿಟ್ಟ ವರ್ಷವೂ ಸಸಿ ಹೋಗಿತ್ತು. ಮಾತಿನ ಕಡೆ ಮಾತು, ಸಸಿಯ ಕಡೆ ಸಸಿ. ಯಾಕೆ ಎಂದು ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ. ಒಂದು ವರ್ಷ ಮಂಗಗಳು ಇವರ ಮಾಳಿಗೆ ಬೋಳು ಮಾಡಿದಾಗ, ಬೀಜ ಮೈಮುನಬಿಯ ಮನೆಯಿಂದಲೇ ತಿರುಗಿ ಬಂದಿತ್ತು.

ದುರಗೇಶನಿಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದರಿಂದಲೇ ಕಿವಿ ಕಾದವು.

"ಹೊರಗಿನ ಮನಿ ಅಂತ ನೀನ ಅಂದಿ ನೋಡು. ಹೊರಗಿನಾಕಿ ಹೊರಗಿನಾಕಿಯಂಗ ಇರು."

"ಹಂಗ್ಯಾಕ ಅಂತೀಯೋ? ಅವ್ವ ಇದ್ದಿದ್ರ..."

"ಅವ್ವ ಇದ್ದಿದ್ರ! ಅವ್ವ ಇದ್ದಾಗ ನೀ ಎಲ್ಲಿದ್ದಿ? ಅವ್ವನ ಮಾರಿ ನೋಡಾಕ ಬರಾಕ ಆಗಲಿಲ್ಲ, ಅವ್ವನ ಬದನಿ ಬೇಕಾತು ನಿನಗ. ಎಣ್ಣಿಗಾಯಿ ತಿನ್ನಾಕ!"

ಪುಷ್ಪಾವತಿ ತಲೆ ಎತ್ತಿ ಅವನನ್ನು ನೇರ ನೋಡಿದಳು. "ನಾ ಬರಲಿಲ್ಲೋ, ಬರಾಕ ಬಿಡಲಿಲ್ಲೋ, ಒಂದಿನರ ಕೇಳಿದೇನ ನೀ?"

"ಕೇಳೂದೇನೈತಿ? ಕಾಲ ಇರಲಿಲ್ಲೇನ ನಿನಗ?"

ನಿಚ್ಚಣಿಕೆಯ ಮೇಲೆ ಅರ್ಧ ಬಂದ ಅಪ್ಪ, ಕೂಸನ್ನು ಹೆಗಲಿಗೆ ಒತ್ತಿಕೊಂಡು ಅಂದ, "ಒಂಬತ್ತರಾಗ ಒಂದು. ಕೊಡೋ."

"ಒಂದ್ ಎಲಿ ಸೈತ ಕೊಡೂದಿಲ್ಲ. ಆಕಿ ಕುಂಡಾನೂ ಬ್ಯಾಡ ನನಗ. ಒಯ್ ಅನ್ನು."

ಪುಷ್ಪಾವತಿ ಎದ್ದಳು. ಸೀರೆಗೆ ಹತ್ತಿದ ಮಣ್ಣು ಝಾಡಿಸಿಕೊಂಡಳು. ಅಳಲಿಲ್ಲ. ಅತ್ತಿದ್ದರೆ ಅವನ ಸಿಟ್ಟಿಗೆ ಇನ್ನೊಂದಿಷ್ಟು ಕಟ್ಟಿಗೆ ಸಿಗುತ್ತಿತ್ತು. "ಕುಂಡ ಇರ್ಲಿ ಬಿಡು, ಹೊರಾಕ ಆಗೂದಿಲ್ಲ ಮತ್ತ," ಎಂದು ಅವನ್ನು ಕುಂಬಿಗೆ ಒರಗಿಸಿ ಇಟ್ಟಳು. ಕೆಳಗೆ ಹೋಗಿ ಕೂಸನ್ನು ಉಡಿಗೆ ಕಟ್ಟಿಕೊಂಡಳು. ಅಪ್ಪ ಎಷ್ಟು ಹೇಳಿದರೂ ನಿಲ್ಲಲಿಲ್ಲ. ಬಾಗಿಲು ದಾಟುವಾಗ ಮಾಳಿಗೆಯ ಕಡೆ ಮುಖ ಮಾಡಿ, "ರೊಟ್ಟಿ ಗಂಟ ಒಳಗಿಟ್ಟೀನಿ. ಕಡ್ಲಿ ಪಲ್ಯ ಐತಿ. ಸಂಜಿಕ ತಿಂದ್ಬಿಡ್ರಿ, ನಾಳಿಗಂದ್ರ ಹಳಸ್ತೈತಿ," ಅಂದಳು.

ಅದೇ ಬಸ್ಸು ತಿರುಗಿ ಬಂದಿತ್ತು. ಅದನ್ನೇ ಹತ್ತಿ ಹೋದಳು. ಮರುದಿನ ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು.

ಆ ಸಂಜೆಯೇ ದುರಗೇಶ ಸಸಿ ಹಚ್ಚಿದ. ಸಿಟ್ಟಿನಲ್ಲಿದ್ದರೂ ಅವನ ಕೈ ಸಿಟ್ಟಿನಲ್ಲಿರಲಿಲ್ಲ. ಇದನ್ನು ಹೇಳಲೇಬೇಕು. ಬಿಸಿಲು ಇಳಿಯುವ ತನಕ ಕಾದ. ಬರೀ ಎರಿ ಮಣ್ಣು ಒಣಗಿದರೆ ಬಿರಿದು ಬೇರು ಹರಿಯುತ್ತದೆಂದು ಅದಕ್ಕೆ ಹಳ್ಳದ ಉಸುಕು, ಅಪ್ಪನ ಆಡಿನ ಹಿಕ್ಕೆಯ ಪುಡಿ ಕಲಸಿದ. ಪಾಕೀಟುಗಳಿಗೆ ಮೊದಲೇ ನೀರು ಕುಡಿಸಿ, ಅಂಚನ್ನು ಬ್ಲೇಡಿನಿಂದ ಸೀಳಿ, ಮಣ್ಣಿನ ಮುದ್ದೆ ಒಡೆಯದ ಹಾಗೆ ಅಂಗೈಗೆ ಇಳಿಸಿಕೊಂಡ. ದಂಟು ಹಿಡಿಯಲಿಲ್ಲ, ಎಲೆ ಹಿಡಿದ. ಎಲೆ ಹರಿದರೆ ಇನ್ನೊಂದು ಬರುತ್ತದೆ, ದಂಟು ಹಿಚುಕಿದರೆ ಮುಗಿಯಿತು ಎಂದು ಅವ್ವ ಅನ್ನುತ್ತಿದ್ದಳು. ಬಿಳಿ ಬೇರು ಮುದ್ದೆಯ ಸುತ್ತ ಸುತ್ತಿಕೊಂಡಿತ್ತು, ಇಷ್ಟು ದಿನ ಜಾಗಕ್ಕಾಗಿ ಹುಡುಕಾಡಿದ ಗುರುತು. ಅದನ್ನು ನೋಡಿ ಅವನಿಗೆ ಏನೋ ಆಯಿತು. ದೊಡ್ಡ ಜಾಗ ಕೊಡುತ್ತೇನೆ ತಡೆಯಿರಿ ಎಂದು, ಯಾರೂ ಇಲ್ಲದಲ್ಲಿ, ಸಸಿಗಳೊಂದಿಗೆ ಮಾತಾಡಿದ.

ದೊಡ್ಡ ಜಾಗವೆಂದರೆ ಆ ನೀಲಿ ಕ್ಯಾನುಗಳು. ಎಣ್ಣೆ ಹೊಡೆಯುವವರ ಮನೆಯಲ್ಲಿ ಖಾಲಿ ಕ್ಯಾನಿಗೆ ಕೊರತೆಯಿಲ್ಲ. ಬಚ್ಚಲಿಗೆ ಅದೇ, ಆಡಿಗೆ ನೀರಿಡಲು ಅದೇ. ಇವು ಗೋವಿನಜೋಳದ ಕಸಕ್ಕೆ ಹೊಡೆಯುವ ಎಣ್ಣೆಯವು. ಸಾಬೂನಿನ ಪುಡಿ ಹಾಕಿ, ಉಸುಕು ಹಾಕಿ, ಕುಲುಕಿ ಕುಲುಕಿ ತೊಳೆದಿದ್ದ. ಮೂಗು ಒಳಗೆ ತೂರಿಸಿ ನೋಡಿದ್ದ. ವಾಸನೆ ಇರಲಿಲ್ಲ. ಕಾಸಿದ ಸಲಾಕೆಯಿಂದ ತಳಕ್ಕೆ ತೂತು ಚುಚ್ಚಿದ್ದ. ಅಕ್ಕ ತಂದ ಮಣ್ಣಿನ ಕುಂಡಗಳು ಪಕ್ಕದಲ್ಲೇ ಕುಂಬಿಗೆ ಒರಗಿ ಕೂತಿದ್ದವು. ಅವುಗಳ ಕಡೆ ಬೆನ್ನು ಹಾಕಿ ಕೂತು ಒಂಬತ್ತನ್ನೂ ಕ್ಯಾನಿಗೆ ಹಚ್ಚಿದ. ಮೊದಲನೆಯದು ಕೈಗೆ ಬಂದಾಗ ಒಂದು ಗಳಿಗೆ ತಡೆದ. ಆಮೇಲೆ ಅದನ್ನೂ ಹಚ್ಚಿದ.

ಮೊದಲು ಚಿಗುರು ಸೊಟ್ಟಾಯಿತು. ನೀರು ಹೆಚ್ಚಾಗಿರಬೇಕೆಂದು ಕಡಿಮೆ ಮಾಡಿದ. ಆಮೇಲೆ ಹೊಸ ಎಲೆಗಳು ಅಗಲವಾಗದೆ, ನೂಲು ಹೊಸೆದ ಹಾಗೆ ಸುರುಳಿಯಾಗಿ, ಬೆರಳು ಬೆರಳಾಗಿ ಬಂದವು. ದಂಟು ಹಾವಿನಂತೆ ತಿರುಚಿತು. ಹುಳವೆಂದು ಬೇವಿನ ಎಣ್ಣೆ ಸವರಿದ. ಬೂದಿ ಚೆಲ್ಲಿದ. ಯಾವ ಹುಳವೂ ಇರಲಿಲ್ಲ.

"ಇದು ಹುಳ ಅಲ್ಲೋ," ಅಂದಳು ಮೈಮುನಬಿ, ನಿಚ್ಚಣಿಕೆಯ ಮೇಲಿನ ಮೆಟ್ಟಿಲಲ್ಲಿ ನಿಂತು ಏದುಸಿರು ಬಿಡುತ್ತ. "ಇಂಥಾದ್ದು ನಾ ಎಂದೂ ಕಂಡಿಲ್ಲ. ನಿಮ್ಮವ್ವನ ಬದನಿಗೆ ಮಂಗ್ಯಾನ ಕಾಟ ಬಿಟ್ರ ಮತ್ತೇನೂ ಇರಲಿಲ್ಲ."

"ಕಣ್ಣ ಬಿದ್ದೈತಿ," ಅಂದ ದುರಗೇಶ.

"ಯಾರ್ದು?"

"ಯಾರ ನೋಡಿ ಹೊಟ್ಟಿ ಉರ್ಕೊಂಡು ಹ್ವಾದ್ರೋ ಅವ್ರದು."

ಮೈಮುನಬಿ ಅವನನ್ನು ನೋಡಿದಳು. ಈ ಸಲ ಚೇಷ್ಟೆ ಮಾಡಲಿಲ್ಲ. "ಟ್ರ್ಯಾಕ್ಟರಿಗೆ ಲಿಂಬಿಹಣ್ಣು ಕಟ್ಟಿದ್ರ ಹರದು ಒಗ್ಯಾಂವ ನೀನು. ಅಕ್ಕನ ಸುದ್ದಿ ಬಂದ್ರ ಕಣ್ಣು ಗಿಣ್ಣು ಎಲ್ಲಾ ನಂಬ್ತಿ?" ಎಂದು ಇಳಿದು ಹೋದಳು.

ಆ ಮಾತು ಅವನಿಗೆ ನಾಟಲಿಲ್ಲ. ನಾಟಿದ್ದು ಉಲ್ಟಾ. ಅವತ್ತೇ ಲಕ್ಕಲಕಟ್ಟಿಗೆ ಫೋನು ಹಚ್ಚಿದ. ಬೇಸಿಗೆಯಿಂದ ಮಾತಿಲ್ಲದ ತಮ್ಮನ ಫೋನು ಬಂದಾಗ ಅಕ್ಕನ ದನಿಯಲ್ಲಿ ಖುಷಿ ಇತ್ತು. "ಹೇಳೋ ತಮ್ಮಾ" ಅಂದಳು. ಅವನು ಹೇಳಿದ. "ನಿನ್ನ ಕಣ್ಣ ಹತ್ತಿ ಅವ್ವನ ಗಿಡ ಸಾಯಾಕತ್ತಾವ. ಕೊಡಲಿಲ್ಲಂತ ಹೊಟ್ಟಿ ಉರಿಸ್ಕೊಂಡ್ಯಲ್ಲ, ಈಗ ತಂಪಾತೇನ?"

ಆ ಕಡೆ ಕೂಸಿನ ಸದ್ದು ಮಾತ್ರ ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು.

ಮುಂದಿನ ವಾರ ದುರಗೇಶ ಊರ ತೆಂಕಣ ದಿಕ್ಕಿನ ಹೊಲದಲ್ಲಿ ತಡವಾಗಿ ಬಿತ್ತಿದ ಗೋವಿನಜೋಳಕ್ಕೆ ಎಣ್ಣೆ ಹೊಡೆಯುತ್ತಿದ್ದ. ಬದುವಿನ ಮೇಲೆ ಬಾಜೂ ಹೊಲದ ಮದರಸಾಬ ನಿಂತು ಕೈ ಬೀಸುವುದು ಕಂಡಿತು. ಕೈಯಲ್ಲಿ ಬುಡಸಮೇತ ಕಿತ್ತ ಎರಡು ಹತ್ತಿ ಗಿಡ.

"ಡ್ರೈವರ್ ಸಾಹೇಬ್ರ! ಗಾಡಿ ಬಂದ್ ಮಾಡ್ರಿ. ಕೆಳಗಿಳ್ರಿ."

ಬಹುವಚನ ಕೇಳಿದ ಕೂಡಲೇ ಇದು ಜಗಳವೆಂದು ಅವನಿಗೆ ತಿಳಿಯಿತು. ಜಗಳಕ್ಕೆ ಅವನು ಎಂದೂ ತಡಮಾಡಿದವನಲ್ಲ. ಹಾರಿಯೇ ಇಳಿದ.

"ಏನ್ರಿ?"

"ಏನಂತ ಕೇಳ್ತೀಯಾ? ಹೋದಸಲ ಆ ಕಡೆ ಪಟ್ಟಿಗೆ ಕಸದ ಎಣ್ಣಿ ಹೊಡದ್ಯಲ್ಲ, ಅವತ್ತ ಗಾಳಿ ಯಾ ಕಡೆ ಇತ್ತು? ನನ್ನ ಹತ್ತಿ ಕಡೆ ಇತ್ತು. ನೋಡ ಹ್ಯಾಂಗಾಗೈತಿ."

"ನಿನ್ನ ಹತ್ತಿಗೆ ರೋಗ ಬಂದ್ರ ನನ್ನ ಮ್ಯಾಲ ಹಾಕ್ತೀಯೇನು? ಬೀಜ ಚಲೋದ ತರಬೇಕಿತ್ತು."

"ರೋಗ ಅಂದ್ರ ಬದುವಿನ ಗುಂಟ ಸಾಲ ಹಿಡದು ಬರ್ತೈತೇನಲೇ? ನಿನ್ನ ಗಾಳಿ ಎಲ್ಲೀತನಕ ಬಿದ್ದೈತೋ ಅಲ್ಲೀತನಕ ಬಂದೈತಿ. ಅದರಾಚಿ ಗಿಡ ನೋಡ, ಅಂಗೈಯಷ್ಟು ಎಲಿ. ಇದನ್ನ ನೋಡ!" ಮದರಸಾಬ ಗಿಡವನ್ನು ಅವನ ಮೂಗಿಗೆ ಹಿಡಿದ. "ಕೋಳಿ ಕಾಲ ಆಗ್ಯಾವ ಎಲಿ."

ದುರಗೇಶನ ಬಾಯಲ್ಲಿ ಉತ್ತರ ತಯಾರಿತ್ತು. ಅಷ್ಟರಲ್ಲಿ ಕಣ್ಣು ಎಲೆಯ ಮೇಲೆ ಬಿತ್ತು. ಅಗಲವಾಗದೆ ಬೆರಳು ಬೆರಳಾಗಿ ಬಂದ ಎಲೆ. ನೂಲು ಹೊಸೆದ ಚಿಗುರು. ಹಾವಿನಂತೆ ತಿರುಚಿದ ದಂಟು. ಅವನು ಅದನ್ನು ದಿನಾ ಮುಂಜಾನೆ ಮಾಳಿಗೆಯ ಮೇಲೆ ನೋಡುತ್ತಿದ್ದ.

"ಯಾಕಲೇ? ಬಾಯಿ ಬಿತ್ತೇನು?"

"ಚಾಚಾ..." ದುರಗೇಶ ಗಿಡವನ್ನು ಕೈಗೆ ತೆಗೆದುಕೊಂಡ. "ಇದು ತೊಳದ್ರ ಹೋಗೂದಿಲ್ಲೇನ್ರಿ?"

"ಯಾದು?"

"ಎಣ್ಣಿ. ಕ್ಯಾನಿನ ಒಳಗಿಂದು. ಸಬಕಾರ ಹಾಕಿ, ಉಸುಕ ಹಾಕಿ ತೊಳದ್ರ?"

ಮದರಸಾಬನಿಗೆ ಜಗಳ ಹೀಗೆ ನಡುವೆಯೇ ಕೈ ಬಿಟ್ಟು ಹೋದದ್ದು ಯಾಕೆಂದು ತಿಳಿಯಲಿಲ್ಲ. ಹುಬ್ಬು ಗಂಟು ಹಾಕಿ ನಿಂತ. "ದಿನಾ ಅದರಾಗ ಮುಳುಗಾಂವ ನೀನು, ನನ್ನ ಕೇಳ್ತಿ? ಗಾಳ್ಯಾಗ ಹಾರಿ ಬಂದ ಒಂದ ಹನಿಗೆ ನನ್ನ ಹತ್ತಿ ಹಿಂಗಾಗೈತಿ. ಕ್ಯಾನಿನೊಳಗ ಕುಡದ ಕುಂತದ್ದು ಹೋಗ್ತೈತೇನು? ಅದರ ಮ್ಯಾಲ ಬರದಿರ್ತಾರಲ್ಲ, ಖಾಲಿ ಆದಮ್ಯಾಲ ಮತ್ಯಾತಕ್ಕೂ ಬಳಸಬ್ಯಾಡ್ರಿ ಅಂತ."

ಬರೆದಿರುತ್ತಾರೆ. ದುರಗೇಶ ಅದನ್ನು ಓದಿದ್ದ ಕೂಡ. ಓದಲು ಬರದವನಲ್ಲ. ಸರಿಯಾಗಿ ತೊಳೆಯದ ದಡ್ಡರಿಗೆ ಬರೆದದ್ದು ಅಂದುಕೊಂಡಿದ್ದ.

"ನಿಮ್ಮ ಹತ್ತಿ ನಾನ ಕೆಡಿಸೀನ್ರಿ ಚಾಚಾ," ಅಂದ. "ಸಂಜಿಕ ಮನಿಗೆ ಬಂದು ಮಾತಾಡ್ತೀನಿ. ಈಗ ಬಿಡ್ರಿ." ಟ್ರ್ಯಾಕ್ಟರನ್ನು ಹೊಲದಲ್ಲೇ ಬಿಟ್ಟು ಊರ ಕಡೆ ಓಡಿದ. ಮದರಸಾಬ ಗಿಡ ಹಿಡಿದು ಹಾಗೇ ನಿಂತಿದ್ದ.

ನೆತ್ತಿಯ ಮೇಲೆ ಬಿಸಿಲು. ಸಸಿ ಕೀಳುವ ಹೊತ್ತಲ್ಲ. ದುರಗೇಶ ಕಿತ್ತ. ಬೇರಿಗೆ ಹತ್ತಿದ ಮಣ್ಣನ್ನೆಲ್ಲ ನೀರಲ್ಲಿ ಜಾಲಾಡಿದ. ಅಪ್ಪ ಹೊಸ ಮಣ್ಣು ಹೊತ್ತು ತಂದು ಸುರಿದ. ಏನಾಯಿತೆಂದು ಕೇಳಲಿಲ್ಲ, ಕ್ಯಾನುಗಳನ್ನು ಒಮ್ಮೆ ನೋಡಿದ, ಅಷ್ಟೇ. ಕುಂಬಿಗೆ ಒರಗಿದ್ದ ನಾಲ್ಕು ಕುಂಡಗಳನ್ನು ದುರಗೇಶ ಎಳೆದುಕೊಂಡ. ಅವುಗಳ ಒಳಗೆ ಅಕ್ಕನ ಚೀಲದ ಒಣಹುಲ್ಲು ಇನ್ನೂ ಇತ್ತು. ಒಂದೊಂದರಲ್ಲಿ ಎರಡೆರಡು ಹಚ್ಚಿದ. ಒಂಬತ್ತನೆಯದು ಉಳಿಯಿತು. ಅದಕ್ಕೆ ಜಾಗವಿರಲಿಲ್ಲ. ಅದರ ಜಾಗ ಲಕ್ಕಲಕಟ್ಟಿಯಲ್ಲಿತ್ತು. ಅಡಿಗೆಮನೆಯಿಂದ ಒಂದು ಗಡಿಗೆ ತಂದು ಹಚ್ಚಿದ.

ಒಂದೊಂದಾಗಿ ಹೋದವು. ಬಾಡಿ ಹೋಗಲಿಲ್ಲ. ಹಾಗೆ ಹೋಗಿದ್ದರೆ ಬಿಸಿಲಿನ ಮೇಲಾದರೂ ಹಾಕಬಹುದಿತ್ತು. ಹಸಿರಾಗಿಯೇ ತಿರುಚಿಕೊಂಡು, ತಮ್ಮನ್ನು ತಾವೇ ಹಿಂಡಿಕೊಂಡು ಹೋದವು. ಗಡಿಗೆಯದು ಎಲ್ಲಕ್ಕೂ ಕೊನೆಗೆ ಹೋಯಿತು.

ಬೀಜ ಹುಡುಕಿಕೊಂಡು ನರಗುಂದದ ಕಡೆ ಹೋಗಿ ಬಂದ. ಅವ್ವನ ತವರಿನಲ್ಲಿ ಈಗ ಇರುವವಳು ಸೋದರಮಾವನ ಹೆಂಡತಿ ಕಳಕವ್ವ. ಆಕೆ ಬಾಯಿ ತುಂಬ ಮಾತಾಡಿಸಿ, ರೊಟ್ಟಿ ಉಣಿಸಿ, ಕೊನೆಗೆ ಅಂದಳು, "ಆ ಗುಂಡ ಬದನಿ? ನಮ್ಮಲ್ಲೆಲ್ಲಿ ಉಳದೈತಿಪಾ ಅದು. ನಿಮ್ಮವ್ವ ಇಟ್ಟಿರ್ತಾಳ, ಆಕಿ ಕಡೆ ತರಸಿಕೊಂಡ್ರಾತು ಅಂತಿದ್ವಿ ನಾವು." ಮೈಮುನಬಿಯೂ ಅದನ್ನೇ ಅಂದಿದ್ದಳು. ಹೋದ ವರ್ಷ ಸಸಿ ಹೋದ ಮನೆಯವರೂ ಕಾಯಿ ತಿಂದು ಗಿಡ ಕಿತ್ತಿದ್ದರು. ಎಲ್ಲರೂ ಅವ್ವ ಬೀಜ ಇಟ್ಟಿರುತ್ತಾಳೆಂದು ಬಿಟ್ಟಿದ್ದರು. ಅವ್ವ ಇಟ್ಟಿದ್ದಳು. ಒಂದು ಸಸಿ, ಬರೇ ಒಂದು, ಹೊರಗಿನ ಮನೆಗೆ ಹೋಗಿದ್ದರೆ ಇವತ್ತು ಅದು ಹೂ ಹಿಡಿಯುತ್ತಿತ್ತು.

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಹಣ್ಣು, ಬಿಸಿ ಮಿರ್ಚಿ, ಕೂಸಿಗೊಂದು ಟೊಪ್ಪಿಗೆ ತೆಗೆದುಕೊಂಡು ಅವನು ಲಕ್ಕಲಕಟ್ಟಿಯ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿದ. ಬೈಗುಳವಾಗಿದ್ದರೆ ಜೋಡಿಸುವುದೇ ಬೇಕಿರಲಿಲ್ಲ, ತಾನಾಗಿ ಬರುತ್ತಿದ್ದವು.

ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ಪುಷ್ಪಾವತಿ ಅಂಗಳದಲ್ಲಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದವಳು ತಲೆ ಎತ್ತಿ ನೋಡಿದಳು. ಅವನ ಮುಖ ನೋಡಿದಳು, ಅವನ ಕೈಯಲ್ಲಿದ್ದ ಚೀಲ ನೋಡಿದಳು. ಎಣ್ಣೆಯ ಕೈಯನ್ನು ಲಗುಬಗೆಯಿಂದ ಸೆರಗಿಗೆ ಒರೆಸಿಕೊಂಡು ಎದ್ದು ಬಂದಳು.

"ಬಾರೋ ತಮ್ಮಾ, ಬಾ. ಒಂದರ ಉಳದೈತೇನು?" ಚೀಲವನ್ನು ಎರಡೂ ಕೈಯಿಂದ, ಒಳಗಿನದು ಅಲುಗಬಾರದೆಂಬ ಹಾಗೆ ತೆಗೆದುಕೊಂಡಳು. "ನೀರ ಹಾಕಿ ತಂದೀ ಇಲ್ಲೋ? ಬಸ್ಸಿನಾಗ ಬಾಡಿರ್ತೈತಿ..." ಚೀಲದ ಬಾಯಿ ತೆರೆದಳು. ಬಾಳೆಹಣ್ಣು ಕಂಡವು. ಅವನ್ನು ಸರಿಸಿ ಕೆಳಗೆ ನೋಡಿದಳು.

ದುರಗೇಶ ಆಕೆಯ ಮುಖ ನೋಡಲಾರದೆ ಬೇರೆ ಕಡೆ ನೋಡಿದ. ಬಚ್ಚಲದ ಗೋಡೆಯ ನೆರಳಲ್ಲಿ ಆ ಕುಂಡ ಇತ್ತು. ಐದನೆಯದು.

"ಅಕ್ಕಾ, ನಿನ್ನ ಕಣ್ಣಲ್ಲ. ನನ್ನ ಕ್ಯಾನು. ಕಸದ ಎಣ್ಣಿ ಕ್ಯಾನು. ತೊಳದಿದ್ದೆ. ತೊಳದಿದ್ದೆ ಅಕ್ಕಾ." ದಾರಿಯಲ್ಲಿ ಜೋಡಿಸಿದ್ದು ಇದಲ್ಲ. ಅದೆಲ್ಲ ಎಲ್ಲೋ ಹೋಗಿತ್ತು.

"ಒಂದೂ?"

"ಒಂದೂ ಇಲ್ಲ."

ಆಕೆ ಚೀಲವನ್ನು ಕಟ್ಟೆಯ ಮೇಲಿಟ್ಟಳು. ಕೂಸಿನ ಹತ್ತಿರ ಹೋಗಿ ಕೂತು, ಬಿಟ್ಟಲ್ಲಿಂದ ಎಣ್ಣೆ ತಿಕ್ಕತೊಡಗಿದಳು. ಬೈಯುತ್ತಾಳೆಂದು ಅವನು ಕಾದ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಕೂಸಿನ ಕಾಲು ನೀವುತ್ತ, ತಲೆ ಎತ್ತದೆ ಕೇಳಿದಳು.

"ದವಾಖಾನ್ಯಾಗ ಅವ್ವ ನನ್ನ ಕೇಳಿದ್ಲೇನೋ?"

ಇಷ್ಟು ದಿನ ಇದನ್ನು ಅವನು ಕಲ್ಲಿನ ಹಾಗೆ ಒಳಗೆ ಇಟ್ಟುಕೊಂಡಿದ್ದ. ಆಕೆಗೆ ಬೀಸಬೇಕೆಂದೇ ಇಟ್ಟುಕೊಂಡಿದ್ದ. ಈಗ ಅದು ಕೈಯಲ್ಲಿ ನಿಲ್ಲಲಿಲ್ಲ.

"ಕೇಳಿದ್ಲು. ಬಸ್ಸಿನಾಗ ಅದಾಳ, ಬರಾಕತ್ತಾಳ ಅಂತ ಹೇಳ್ತಿದ್ದೆ."

ಪುಷ್ಪಾವತಿಯ ಕೈ ನಿಂತಿತು. "ಚಲೋ ಹೇಳಿದಿ," ಅಂದಳು. ಕೂಸನ್ನು ಮಗ್ಗುಲಿಗೆ ಹೊರಳಿಸಿ ಅಂದಳು, "ಎರಡ ಸಲ ಇದನ್ನ ಉಡಿಗೆ ಕಟ್ಕೊಂಡು ಬಸ್ಸಿನತನಕ ಹೋಗಿದ್ದೆ. ಎರಡನೇ ಸಲ ಬಸ್ಸ ಹತ್ತಿ ಕುಂತಿದ್ದೆ. ನಮ್ಮತ್ತಿ ಬಂದು ಇಳಿಸಿಕೊಂಡು ಬಂದ್ಲು."

ದುರಗೇಶ ಕಟ್ಟೆಯ ಮೇಲೆ ಕೂತ. ಮಿರ್ಚಿಯ ಎಣ್ಣೆ ಕಾಗದ ದಾಟಿ ಚೀಲಕ್ಕೆ ಹತ್ತುತ್ತಿತ್ತು. ಅದನ್ನೇ ನೋಡುತ್ತ ಕೂತ. ಒಂದು ದಿನವಾದರೂ ಕೇಳಿದೆಯಾ ಎಂದು ಮಾಳಿಗೆಯ ಮೇಲೆ ಆಕೆ ಕೇಳಿದ್ದಳು.

ಉಣ್ಣಲು ಎಬ್ಬಿಸಿದಳು. ಜೋಳದ ರೊಟ್ಟಿ, ಬದನೆಕಾಯಿ ಪಲ್ಯ. ಗಜೇಂದ್ರಗಡದ ಸಂತೆಯಿಂದ ತಂದ ನೇರಳೆ ಬದನೆ. ಬೇರೆ ಏನೂ ಮನೆಯಲ್ಲಿ ಇರಲಿಲ್ಲವೇನೋ. ಅದು ತಾಟಿಗೆ ಬಿದ್ದಾಗ ಇಬ್ಬರೂ ಒಂದು ಸಲ ಅದನ್ನು ನೋಡಿದರು.

"ಉಪ್ಪ ಸಾಕೇನು?"

"ಸಾಕು."

ಅವನು ಹಾಕಿದ್ದನ್ನೆಲ್ಲ ಉಂಡ. ಇನ್ನೊಂದು ಸಲ ಹಾಕಿಸಿಕೊಂಡೂ ಉಂಡ.

ಬಿಸಿಲು ಇಳಿದ ಮೇಲೆ, ಬಸ್ಸಿಗೆ ಇನ್ನೂ ಹೊತ್ತಿತ್ತು, ಪುಷ್ಪಾವತಿ ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಚ್ಚಲದ ಕಡೆ ಹೋದಳು. ದುರಗೇಶ ನೋಡುತ್ತಿದ್ದ. ಕುಂಡದಲ್ಲಿ ಸಾಣಿಸಿದ ಮಣ್ಣು, ಮೇಲೆ ಸಮ ಮಾಡಿದ್ದು, ನಟ್ಟನಡುವೆ ಬೆರಳು ಒತ್ತಿ ಮಾಡಿದ ಒಂದು ಕುಳಿ. ಪಂಚಮಿಯಿಂದ ಇಲ್ಲಿಯವರೆಗೆ ಒಂದು ಸಂಜೆಯೂ ಆ ಮಣ್ಣು ಬಿರಿಯಲು ಆಕೆ ಬಿಟ್ಟಿರಲಿಲ್ಲ. ತಮ್ಮನ ಸಿಟ್ಟು ಇಳಿಯುವ ತನಕ ತಯಾರಿರಲಿ ಎಂದು.

ಆಕೆ ತಂಬಿಗೆ ಬಗ್ಗಿಸಿದಳು. ಅರ್ಧ ನೀರು ಹೋದ ಮೇಲೆ ಕೈ ಗಕ್ಕನೆ ನಿಂತಿತು. ಖಾಲಿ ಕುಳಿಯಲ್ಲಿ ನೀರು ಇಂಗುವುದನ್ನು ನೋಡಿದಳು. ಆಮೇಲೆ ಉಳಿದದ್ದನ್ನೂ ಅದಕ್ಕೇ ಹಾಕಿ, ಖಾಲಿ ತಂಬಿಗೆ ಹಿಡಿದು ಒಳಗೆ ಹೋದಳು.